ಮಡಿಕೆ

ನಾನು ಹೋದದ್ದು ಬೆಂಕಿಯ ಬಗ್ಗೆ ಕೇಳಲು.
ನಾಲ್ಕನೆಯ ದಿನ, ಕಕ್ಷೆಯಲ್ಲಿ, ಫಲಕದ ಹಿಂದೆ ಹೊತ್ತಿದ ತಂತಿ,
ಒದ್ದೆ ಟವೆಲ್ಲಿನಿಂದ ಅದನ್ನು ಬಡಿದು ಆರಿಸಿದ ಇಬ್ಬರು.
ನನ್ನ ಪುಸ್ತಕದ ಆರನೆಯ ಅಧ್ಯಾಯ ಅಲ್ಲೇ ಶುರು.
ಯಾರೋ ಹೇಳಿದರು: ವೋಲ್ಗಾ ದಂಡೆಯ ಕಾರ್ಖಾನೆಯೂರಲ್ಲಿ
ಅವರ ಪ್ಯಾರಾಚೂಟು ಮಡಚಿದ ಮುದುಕಿ ಇನ್ನೂ ಇದ್ದಾಳೆ,
ಮೂರನೆಯ ಮಹಡಿ, ಲಿಫ್ಟು ಕೆಟ್ಟಿದೆ.

ಮಿನ್ಸಿಲು. ತತಾರರ ಹೆಸರು,
ಮಚ್ಚೆಯ ಚೆಲುವೆ ಅಂತ ಅರ್ಥವಂತೆ.
ಆ ಮಚ್ಚೆ ಈಗ ಯಾವ ಸುಕ್ಕಿನೊಳಗೆ ಕೂತಿದೆಯೋ.
"ಬೆಂಕಿ ನನಗೆ ಗೊತ್ತಿಲ್ಲ," ಅಂದಳು ಚಹಾ ಬಗ್ಗಿಸುತ್ತ,
"ಗೊತ್ತಿರೋದು ಬಟ್ಟೆ."

ನಲವತ್ತು ಮೀಟರಿನ ಮೇಜು, ಎರಡೂ ಬದಿಗೆ ಹೆಂಗಸರು.
ಉಂಗುರ ಬಿಚ್ಚಿಡಬೇಕು. ಉಗುರು ಮಟ್ಟಸವಾಗಿರಬೇಕು.
ಚಳಿಗೆ ಅಂಗೈ ಬಿರಿದವಳಿಗೆ ಆ ವಾರ ಬೇರೆ ಕೆಲಸ;
ಒಣಚರ್ಮದ ಗರುಕಿಗೂ ಸಿಕ್ಕಿ ಎಳೆ ಬಿಡುವ ನೂಲು ಅದು.
ತಲೆಗೆ ಬಿಳಿ ವಸ್ತ್ರ, ಅದರಡಿಗೆ ಹೇರ್‌ಪಿನ್ನು.
ಬಾಗಿಲಲ್ಲಿ ಎಣಿಸಿ ಬರೆಯುತ್ತಿದ್ದರು:
ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು.

"ಸಾವಿರ ಚದರ ಮೀಟರು. ಒಂದು ಗೋಣಿಚೀಲದಷ್ಟಕ್ಕೆ ಇಳಿಸಬೇಕು.
ಅಂಗೈಯಲ್ಲಿ ಸವರಿ ಸವರಿ ಗಾಳಿ ಬಿಡಿಸಬೇಕು,
ಹಾಲು ಕುಡಿದ ಕೂಸಿನ ಬೆನ್ನು ಸವರಿ
ತೇಗು ಬರಿಸ್ತೀವಲ್ಲ, ಹಾಗೆ.
ಆಮೇಲೆ ಒತ್ತುಯಂತ್ರ. ಆಮೇಲೆ ಸೀಲು.
ಸೀಲು ಬಿದ್ದ ಮೇಲೆ ದೇವರು ಬಂದರೂ ಬಿಚ್ಚುವ ಹಾಗಿಲ್ಲ."

ಆ ಫೆಬ್ರವರಿ ಸಂಜೆ, ಸೀಲು ಬಿದ್ದಾದ ಮೇಲೆ,
ಅವಳ ತಲೆಯಲ್ಲಿ ಹತ್ತು ಪಿನ್ನು.
ಬೆಳಿಗ್ಗೆ ಹನ್ನೊಂದು.
ಮೂರು ಸಲ ತಡಕಿದಳು. ಹತ್ತು.
ಬಾಗಿಲಲ್ಲಿದ್ದ ಅಂತೋನಿನಾ ಪುಸ್ತಕದಿಂದ ತಲೆಯೆತ್ತದೆ
"ಹನ್ನೊಂದಾ?" ಅಂದಳು.
"ಹ್ಞೂಂ" ಅಂದಳು ಮಿನ್ಸಿಲು.

ಯಾಕೆ, ಅಂತ ಕೇಳಿದೆ.
ನಲವತ್ತು ಹೆಂಗಸರ ಬೋನಸ್ಸು ಅಂದಳು,
ಹಿಂದಿನ ವರ್ಷ ಬಾಯಿಬಿಟ್ಟವಳೊಬ್ಬಳು
ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಲು ಹೋದದ್ದು ಅಂದಳು,
ಬಹಳ ಹೊತ್ತು ಸುಮ್ಮನಿದ್ದು,
"ಬಸ್ಸು ಹೊರಟಿತ್ತು" ಅಂದಳು.

ರಾಕೆಟ್ಟು ಏರಿತು. ಒಂಬತ್ತು ದಿನ.
ಬೆಂಕಿಯ ಸುದ್ದಿ ಹೊರಬಂದದ್ದು ಹತ್ತೊಂಬತ್ತು ವರ್ಷದ ಮೇಲೆ;
ಆಗ ಅಡುಗೆಮನೆಯ ರೇಡಿಯೊದಲ್ಲಿ ಬರೀ ಬ್ಯಾಂಡು, ಶುಭಾಶಯ.
"ಅವರು ಅಲ್ಲಿ ಸಾವನ್ನು ಟವೆಲ್ಲಿನಲ್ಲಿ ಬಡೀತಿದ್ದಾಗ
ನಾನಿಲ್ಲಿ ಅವರನ್ನು ಬಟ್ಟೆಯಲ್ಲಿ ಕೊಲ್ತಿದ್ದೆ,
ದಿನಕ್ಕೆ ನೂರು ಸಲ. ಅನ್ನಿಸೋದು:
ಒಂದು ಸಣ್ಣ ಹರಕು, ಅದರೊಳಗೆ ಗಾಳಿ ಬೆರಳಿಟ್ಟರೆ ಸಾಕು."

ಅದೇ ಒಂಬತ್ತು ದಿನಗಳಲ್ಲಿ ಆ ಇಬ್ಬರು
ಹೊಗೆ ಹಿಡಿದ ಕಿಟಕಿಯ ಗಾಜು ತೋಳಿನಿಂದ ಒರೆಸಿಕೊಂಡು
ಇರುಳ ಭೂಮಿಯ ಅಂಚಿಗಿರುವ ಮೆಲುಬೆಳಕಿನ ಪದರಗಳನ್ನು
ಎಣಿಸುತ್ತಿದ್ದರು.
ತಿಳಿದಿದ್ದಕ್ಕಿಂತ ಒಂದು ಹೆಚ್ಚು ಸಿಕ್ಕಿತು.
ಮತ್ತೆ ಎಣಿಸಿದರು. ಒಂದು ಹೆಚ್ಚೇ.
ನನ್ನ ಪುಸ್ತಕದಲ್ಲಿ ಅದಕ್ಕೆ ಹನ್ನೆರಡು ಪುಟ, ಒಂದು ನಕ್ಷೆ.

ಕಜಾಕ್ ಬಯಲಿನ ಹಿಮದ ಮೇಲೆ, ಬೆಳಗಿನ ಜಾವ,
ಪ್ಯಾರಾಚೂಟು ಪೂರ್ತಿ ಬಿಚ್ಚಿಕೊಂಡಿತು.
ಕುರಿ ಹೊರಡಿಸುತ್ತಿದ್ದವನೊಬ್ಬ ಮೊದಲು ಕಂಡನಂತೆ.
ರೇಡಿಯೊ ಹೇಳಿದ್ದು: ಇಳಿದರು, ಕ್ಷೇಮ.
ಮಿನ್ಸಿಲು ನೆಲದ ಮೇಲೆ ಕೂತಳು,
ಮೀನು ಕತ್ತರಿಸುವ ಕತ್ತರಿ ತಗೊಂಡು
ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಳು.
ಇವತ್ತಿಗೂ ಕೂದಲು ಅಷ್ಟೇ.

ಮತ್ತೆ ಆ ಪಿನ್ನು?
"ಸಿಗಲಿಲ್ಲ.
ಮ್ಯೂಸಿಯಮ್ಮಿನಲ್ಲಿಟ್ಟಿದ್ದಾರೆ ಆ ಬಟ್ಟೆ, ಗಾಜಿನ ಹಿಂದೆ.
ಒಂದು ಸಲ ರೈಲು ಹತ್ತಿ ನೋಡಕ್ಕೆ ಹೋಗಿದ್ದೆ.
ತಪ್ಪಾಗಿ ಮಡಚಿದ್ದಾರೆ."

ಟೇಪು ನಿಲ್ಲಿಸಿದೆ. ಕತ್ತಲಾಗಿತ್ತು.
ಈ ಸಂಗತಿಯನ್ನು ಆರನೆಯ ಅಧ್ಯಾಯದಲ್ಲಿ ಎಲ್ಲಿ ಕೂರಿಸಲಿ?
ಆ ಇಬ್ಬರೂ ತೀರಿಕೊಂಡಿದ್ದಾರೆ, ಏನೂ ತಿಳಿಯದೆ.
ಅವಳು ಲೋಟ ಎತ್ತಿಟ್ಟು, ರೊಟ್ಟಿಯ ಚೂರು ಕೊಡವಿ,
ಮೇಜಿನ ಹಾಸನ್ನು ಹಳೆಯ ಗೆರೆಗುಂಟ ಮಡಚತೊಡಗಿದಳು,
ಅಂಗೈಯಿಂದ ಗಾಳಿ ಸವರುತ್ತ, ಒಂದು ಮಡಿಕೆ, ಇನ್ನೊಂದು.

ನಡುವೆ ಕೈ ನಿಂತಿತು.
ಬಿಚ್ಚಿದಳು ಪೂರಾ.
ಮತ್ತೆ ಮೊದಲಿನಿಂದ.